ನಿಂತ ಬಾಡಿಗೆ, ಕುಸಿಯುವ ಗೋಡೆ

ಮುಂಬಯಿಯ ಗಿರಗಾಂವ್, ಡೋಂಗ್ರಿ, ಭೆಂಡಿ ಬಜಾರುಗಳ ಹಳೆಯ ಚಾಳುಗಳಲ್ಲಿ ಬಾಗಿದ ತೊಲೆಗೆ ಮರದ ಆಸರೆ ಕೊಟ್ಟು ನಿಲ್ಲಿಸಿರುವುದು ದಿನನಿತ್ಯದ ನೋಟ. ಸೋರುವ ಮಾಳಿಗೆಯನ್ನು ಸರಿಪಡಿಸಬೇಕಾದವರು ಯಾರು ಎಂಬ ಜಗಳವೂ ಈ ಚಾಳುಗಳಷ್ಟೇ ಹಳೆಯದು.

ಕಾನೂನಿನಲ್ಲಿ ಬಾಡಿಗೆದಾರನಿಗೆ ದಾರಿಯೇ ಇರಲಿಲ್ಲವೆಂದಲ್ಲ. ತಾನು ಮಾಡಲೇಬೇಕಾದ ರಿಪೇರಿಯನ್ನು ಮಾಲೀಕ ನೋಟಿಸು ಕೊಟ್ಟರೂ ಮಾಡದಿದ್ದರೆ, ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಲು 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಅವಕಾಶ ಕೊಟ್ಟಿತ್ತು. ಆದರೆ ಆ ಹೊಣೆ ಮಾಲೀಕನದೆಂದು ಮೊದಲು ತೋರಿಸಬೇಕಿತ್ತು. 1947ರ ಬಾಂಬೆ ಬಾಡಿಗೆ ಕಾಯ್ದೆ ಈ ತೊಡಕನ್ನು ಬಿಡಿಸಿತು: ಬೇರೆ ಒಪ್ಪಂದವಿಲ್ಲದಿದ್ದರೆ ಮನೆಯನ್ನು ವಾಸಯೋಗ್ಯವಾಗಿ ಇಡುವುದು ಮಾಲೀಕನ ಕರ್ತವ್ಯ.

ಅದೇ ಕಾಯ್ದೆ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತು. ಯುದ್ಧಕಾಲದ ಸುಲಿಗೆಯಿಂದ ಬಡ ಗಿರಣಿ ಕಾರ್ಮಿಕರನ್ನು ಕಾಪಾಡಲು ಅದು ಬೇಕೇ ಇತ್ತು. ಸಿಮೆಂಟು, ಮರ, ಕೂಲಿ ಏರುತ್ತ ಹೋದರೂ ಬಾಡಿಗೆ ಮಾತ್ರ ದಶಕಗಟ್ಟಲೆ ಕದಲಲಿಲ್ಲ. ಮಾಲೀಕರು ರಿಪೇರಿಯನ್ನೇ ಕೈಬಿಟ್ಟರು. ಇಂದಿನ 1999ರ ಮಹಾರಾಷ್ಟ್ರ ಬಾಡಿಗೆ ಕಾಯ್ದೆಯಲ್ಲೂ 15 ದಿನಗಳ ನೋಟಿಸು ಕೊಟ್ಟು ರಿಪೇರಿ ಮಾಡಿಸಿಕೊಳ್ಳುವ ಹಕ್ಕಿದೆ. ಆದರೆ ಒಂದು ವರ್ಷದಲ್ಲಿ ಮುರಿದುಕೊಳ್ಳಬಹುದಾದದ್ದು ಆ ವರ್ಷದ ಬಾಡಿಗೆಯ ಕಾಲು ಭಾಗ ಮಾತ್ರ. ತಿಂಗಳಿಗೆ 100 ರೂಪಾಯಿ ಬಾಡಿಗೆಯಾದರೆ ವರ್ಷಕ್ಕೆ 300 ರೂಪಾಯಿ. ಅದರಲ್ಲಿ ಒಂದು ತೊಲೆಯೂ ಬರುವುದಿಲ್ಲ. ಹಕ್ಕನ್ನು ಕೊಟ್ಟ ಕಾನೂನೇ ಅದರ ಬೆಲೆಯನ್ನೂ ಕರಗಿಸಿದ್ದು ಈ ಕಥೆಯ ದೊಡ್ಡ ಅನ್ಯಾಯ.

ಮಾಲೀಕರು ಕೈಬಿಟ್ಟ ಮೇಲೆ ಸರ್ಕಾರವೇ ಮಧ್ಯೆ ಬರಬೇಕಾಯಿತು. 1969ರ ಕಾಯ್ದೆ ಹಳೆಯ ಕಟ್ಟಡಗಳ ಮೇಲೆ ಸೆಸ್ ಹಾಕಿ, ಆ ಹಣದಿಂದ ರಿಪೇರಿ ಮಾಡಿಸಲು ಮಂಡಳಿಯೊಂದನ್ನು ಹುಟ್ಟುಹಾಕಿತು. ಮುಂದೆ ಅದು ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ ಅಂಗವಾಯಿತು. ಸೆಸ್ ಪಟ್ಟಿಗೆ ಸೇರಿದ 19,642 ಕಟ್ಟಡಗಳಲ್ಲಿ 16,502 ಕಟ್ಟಡಗಳು 1940ರ ಸೆಪ್ಟೆಂಬರಿಗೂ ಹಿಂದಿನವು. ಸಾವಿರಾರು ಕುಟುಂಬಗಳ ತಲೆಯ ಮೇಲೆ ಸೂರು ಉಳಿದದ್ದು ಈ ವ್ಯವಸ್ಥೆಯಿಂದ. ಆದರೂ ಭೆಂಡಿ ಬಜಾರಿನ ಹುಸೈನಿ ಕಟ್ಟಡ 2017ರ ಆಗಸ್ಟ್ 31ರಂದು ಕುಸಿದು 30ಕ್ಕೂ ಹೆಚ್ಚು ಜನ ಸತ್ತರು.

ನ್ಯಾಯಾಲಯಗಳು ಎರಡೂ ಕಡೆಯ ನೋವನ್ನು ಕೇಳಿಸಿಕೊಂಡಿವೆ. ಮಲ್ಪೆ ವಿಶ್ವನಾಥ ಆಚಾರ್ಯ ಪ್ರಕರಣದಲ್ಲಿ, ಬಾಡಿಗೆಯನ್ನು ಹೀಗೆ ಹೆಪ್ಪುಗಟ್ಟಿಸಿಡುವುದು ಕಾಲಕ್ರಮದಲ್ಲಿ ಅಸಮಂಜಸವಾಗಿದೆ ಎಂದು ಸುಪ್ರೀಂ ಕೋರ್ಟ್ 1997ರ ಡಿಸೆಂಬರಿನಲ್ಲಿ ಹೇಳಿತು. 1999ರ ಕಾಯ್ದೆ ವರ್ಷಕ್ಕೆ ಶೇಕಡಾ 4ರ ಏರಿಕೆಗೆ ದಾರಿ ಮಾಡಿತು.

ಕಟ್ಟಡವೇ ನೆಲಸಮವಾದರೆ? ಮನೆ ಹೋದರೆ ಬಾಡಿಗೆ ಸಂಬಂಧವೂ ಹೋಯಿತು ಎಂಬ ವಾದವಿದ್ದಷ್ಟು ಕಾಲ, ಕುಸಿಯಲು ಬಿಡುವುದೇ ಮಾಲೀಕನಿಗೆ ಲಾಭವಾಗುತ್ತಿತ್ತು. 2014ರಲ್ಲಿ ಶಹಾ ರತನ್‌ಸಿ ಖಿಮ್‌ಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು: ಗುತ್ತಿಗೆ ಗೋಡೆಗಳದ್ದಷ್ಟೇ ಅಲ್ಲ, ಕೆಳಗಿನ ನೆಲದ್ದೂ ಹೌದು, ಕಟ್ಟಡ ಉರುಳಿದರೂ ಬಾಡಿಗೆದಾರನ ಹಕ್ಕು ಉಳಿಯುತ್ತದೆ.