ಕೆಮ್ಮಿದರೆ ನೋವು, ಕೆಮ್ಮದಿದ್ದರೆ ಅಪಾಯ

ಇಂದಿರಾನಗರದ ಔಷಧಿ ಅಂಗಡಿಗಳಲ್ಲಿ ಮೂರು ಬಣ್ಣದ ಚೆಂಡುಗಳಿರುವ ಪ್ಲಾಸ್ಟಿಕ್ ಸಾಧನವೊಂದು ಸಿಗುತ್ತದೆ. ನೋಡಿದರೆ ಮಕ್ಕಳ ಆಟಿಕೆ. ಕೊಳವೆಯನ್ನು ಬಾಯಲ್ಲಿಟ್ಟು ಉಸಿರೆಳೆದರೆ ಚೆಂಡುಗಳು ಒಂದೊಂದಾಗಿ ಮೇಲೇರುತ್ತವೆ. ಕೋವಿಡ್ ಕಾಲದಲ್ಲಿ ಅನೇಕರು ಇದನ್ನು ಮನೆಗೆ ತಂದದ್ದುಂಟು. ಶ್ವಾಸಕೋಶದ ಶಸ್ತ್ರಚಿಕಿತ್ಸೆಯಾದವರಿಗೆ ಮಾತ್ರ ಮೊದಲ ದಿನಗಳಲ್ಲಿ ಮೂರನೆಯ ಚೆಂಡು ಬಲು ದೂರ. ಅಡ್ಡಬರುವುದು ಉಸಿರಿನ ಕೊರತೆಯೊಂದೇ ಅಲ್ಲ, ನೋವು.

ಎದೆ ತೆರೆಯಬೇಕಾದರೆ ಪಕ್ಕೆಲುಬುಗಳನ್ನು ಅಗಲಿಸಬೇಕು. ಅವುಗಳ ಅಂಚಿನಲ್ಲೇ ಸಾಗುವ ನರಗಳಿಗೆ ಆಗ ಪೆಟ್ಟಾಗುತ್ತದೆ. ಮುರಿದ ಕೈಯನ್ನು ಅಲುಗದಂತೆ ಕಟ್ಟಿಡಬಹುದು. ಎದೆಗೆ ಆ ವಿಶ್ರಾಂತಿ ಎಲ್ಲಿಯದು? ನೋವಿಗೆ ಅಂಜಿದ ರೋಗಿ ಅರೆಯುಸಿರಿನಲ್ಲೇ ಕಾಲ ತಳ್ಳುತ್ತಾನೆ, ಕೆಮ್ಮನ್ನು ನುಂಗಿಕೊಳ್ಳುತ್ತಾನೆ. ಕಫ ಒಳಗೇ ಉಳಿದು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಹಾಗಾಗಿ ಇಲ್ಲಿ ನೋವು ತಗ್ಗಿಸುವುದು ಚಿಕಿತ್ಸೆಯ ಭಾಗವೇ ಹೊರತು ಮೇಲುಪಚಾರವಲ್ಲ.

ಈ ತಿಳಿವಳಿಕೆ ನಿಧಾನವಾಗಿ ಬಂದಿತು. ಕ್ಷಯಕ್ಕೆ ಮದ್ದಿಲ್ಲದ ಕಾಲದಲ್ಲಿ ವೈದ್ಯರು ಪಕ್ಕೆಲುಬುಗಳನ್ನೇ ಕತ್ತರಿಸಿ ತೆಗೆದು, ಶ್ವಾಸಕೋಶ ಕುಗ್ಗುವಂತೆ ಮಾಡುತ್ತಿದ್ದರು. ಅದೂ ಎರಡು-ಮೂರು ಕಂತುಗಳಲ್ಲಿ. ಎಷ್ಟೋ ಸಲ ಆ ಜಾಗವನ್ನಷ್ಟೇ ಮರಗಟ್ಟಿಸಿ, ರೋಗಿ ಎಚ್ಚರವಿರುವಾಗಲೇ! 1933ರ ಏಪ್ರಿಲ್ 5ರಂದು ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ ಇವಾರ್ಟ್ಸ್ ಗ್ರಹಾಂ ಅವರು ಕ್ಯಾನ್ಸರ್ ತಗುಲಿದ್ದ ಇಡೀ ಎಡ ಶ್ವಾಸಕೋಶವನ್ನು ಒಂದೇ ಬಾರಿಗೆ ಹೊರತೆಗೆದರು. ರೋಗಿ ಜೇಮ್ಸ್ ಗಿಲ್ಮೋರ್ ಸ್ವತಃ ವೈದ್ಯರು. ಅವರು 1963ರವರೆಗೆ ಬದುಕಿದರು. ಗ್ರಹಾಂ ಅದಕ್ಕೂ ಮೊದಲೇ, 1957ರಲ್ಲಿ, ಶ್ವಾಸಕೋಶದ ಕ್ಯಾನ್ಸರಿಗೇ ಬಲಿಯಾದದ್ದು ವಿಧಿಯ ವಿಚಿತ್ರ. ನಮ್ಮ ಕಡೆ 1940ರ ದಶಕದ ಕೊನೆಗೆ ರೀವ್ ಬೆಟ್ಸ್ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಮೇಲೆ ಎದೆಯ ಶಸ್ತ್ರಚಿಕಿತ್ಸೆ ಬೇರುಬಿಟ್ಟಿತು.

ನೋವಿಗೆ ಬಹುಕಾಲ ಇದ್ದ ಮುಖ್ಯ ಆಸರೆ ಮಾರ್ಫಿನ್. ಪ್ರಮಾಣ ಮೀರಿದರೆ ಅದು ಉಸಿರಾಟವನ್ನೇ ಮಂದಗೊಳಿಸುತ್ತದೆ. ಕಡಿಮೆಯಾದರೆ ರೋಗಿ ಕೆಮ್ಮಲಾರ. ಈ ಇಕ್ಕಟ್ಟಿನಿಂದ ಪಾರಾಗಲು ಬಂದದ್ದು ಬೆನ್ನಿನಲ್ಲಿ ಸಣ್ಣ ನಳಿಕೆಯಿಟ್ಟು ಮದ್ದು ಹರಿಸುವ ಎಪಿಡ್ಯೂರಲ್ ಮತ್ತು ಪಕ್ಕೆಯ ನರಗಳನ್ನೇ ಮರಗಟ್ಟಿಸುವ ವಿಧಾನಗಳು. 1990ರ ದಶಕದಿಂದ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಮಾಡುವ ಶಸ್ತ್ರಚಿಕಿತ್ಸೆ ರೂಢಿಗೆ ಬಂದು, ಗಾಯವೇ ಕಿರಿದಾಯಿತು.

ಇತ್ತ ಭಾರತದಲ್ಲಿ ಮಾರ್ಫಿನ್ನಿಗೆ ಬೇರೆಯೇ ತೊಡಕು. 1985ರ ಮಾದಕ ವಸ್ತುಗಳ ಕಾಯ್ದೆಯ ಪರವಾನಗಿಗಳಿಗೆ ಬೆದರಿ ಎಷ್ಟೋ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟವು. ಕಳ್ಳಸಾಗಣೆದಾರರಿಗೆ ಬೀಸಿದ ಬಲೆಗೆ ನರಳುವವರು ಸಿಕ್ಕಿಬಿದ್ದರು. ನಿಯಮ ಸಡಿಲಿಸುವ ತಿದ್ದುಪಡಿಗೆ 2014ರವರೆಗೆ ಕಾಯಬೇಕಾಯಿತು.

ಆ ಬಿಗಿಯ ವರ್ಷಗಳಲ್ಲೇ, 1994ರಲ್ಲಿ, ಇಂದಿರಾನಗರದ ರೋಟರಿ ಕ್ಲಬ್ ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆಯೊಂದಿಗೆ ಸೇರಿ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ಕಟ್ಟಿತು. ಅದರ ಫಲ, 1999ರಲ್ಲಿ ಮಾರತ್‌ಹಳ್ಳಿ ಬಳಿ ತೆರೆದ 'ಕರುಣಾಶ್ರಯ'. ಶಸ್ತ್ರಚಿಕಿತ್ಸೆ ಮುಗಿಸಿ ಚೇತರಿಸಿಕೊಳ್ಳುವವರ ಜಾಗ ಅದಲ್ಲ. ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಉಚಿತ ಆರೈಕೆ. ಆದರೂ ನೋವನ್ನು ಸಹಿಸಿಕೊಳ್ಳಲೇಬೇಕೆಂಬ ಹಳೆಯ ನಂಬಿಕೆಯನ್ನು ಈ ಊರಿನಲ್ಲಿ ಅಲುಗಿಸಿದವರಲ್ಲಿ ಅವರೂ ಸೇರುತ್ತಾರೆ.

ಮನೆಗೆ ಮರಳಿದವರಲ್ಲಿ ಕೆಲವರಿಗೆ ಗಾಯ ಮಾಗಿದ ಮೇಲೂ ಪಕ್ಕೆಯಲ್ಲಿ ಉರಿ, ಜೋಮು ತಿಂಗಳುಗಟ್ಟಲೆ ಉಳಿಯುತ್ತದೆ. ಅದು ಮನಸ್ಸಿನ ಭ್ರಮೆಯಲ್ಲ, ಪೆಟ್ಟು ತಿಂದ ನರದ ದೂರು. ಅದಕ್ಕೆ ಬೇರೆ ಮಾತ್ರೆಗಳಿವೆ, ವೈದ್ಯರಿಗೆ ಹೇಳಲು ಸಂಕೋಚ ಬೇಡ. ಇನ್ನು ಕೆಮ್ಮು ಬಂದಾಗ ದಿಂಬೊಂದನ್ನು ಗಾಯಕ್ಕೆ ಒತ್ತಿ ಹಿಡಿಯುವಂತೆ ದಾದಿಯರು ಹೇಳಿಕೊಡುತ್ತಾರೆ. ಕಾಸು ಖರ್ಚಿಲ್ಲದ ಆ ಉಪಾಯ ಇಂದಿಗೂ ಚಾಲ್ತಿಯಲ್ಲಿದೆ.