ವಾಟ್‌ಕಿನ್ಸ್ ಗ್ಲೆನ್ ಊರಿನ ಪಂದ್ಯದ ಬೀದಿ

ಒಂದು ಊರಿನ ಪೂರ್ವವೃತ್ತಾಂತವನ್ನು ಅರಿಯಬಯಸುವವರು ಸಾಮಾನ್ಯವಾಗಿ ಶಾಸನಗಳನ್ನೂ ಕಡತಗಳನ್ನೂ ಹಳೆಯ ಕಟ್ಟಡಗಳನ್ನೂ ಅರಸುತ್ತಾರೆ. ಬೀದಿಯನ್ನೇ ಒಂದು ಆಧಾರವೆಂದು ಎಣಿಸುವವರು ವಿರಳ. ಆದರೆ ಕನ್ನಡನಾಡಿನ ದೇವಸ್ಥಾನದ ಊರುಗಳನ್ನು ಬಲ್ಲವರಿಗೆ ಬೀದಿಯ ಮಹತ್ವವನ್ನು ವಿವರಿಸಬೇಕಾದುದಿಲ್ಲ. ತೇರು ಸಾಗಬೇಕೆಂಬ ಕಾರಣದಿಂದಲೇ ರಥಬೀದಿ ಅಗಲವಾಗಿ ಉಳಿದಿರುತ್ತದೆ. ವರ್ಷಕ್ಕೊಮ್ಮೆ ನಡೆಯುವ ಉತ್ಸವವು ವರ್ಷವಿಡೀ ಊರಿನ ಆಕಾರವನ್ನು ಕಾಯುತ್ತಿರುತ್ತದೆ. ದೇವರ ತೇರಿನ ಸ್ಥಾನದಲ್ಲಿ ಮೋಟಾರು ಕಾರನ್ನಿಟ್ಟು ಯೋಚಿಸಲು ಅವಕಾಶ ಕೊಡುವ ಊರೊಂದು ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿದೆ. ನ್ಯೂಯಾರ್ಕ್ ರಾಜ್ಯದ ವಾಟ್‌ಕಿನ್ಸ್ ಗ್ಲೆನ್ ಎಂಬುದು ಅದರ ಹೆಸರು. ಪ್ರತಿವರ್ಷ ಸೆಪ್ಟೆಂಬರಿನಲ್ಲಿ, ಒಂದು ವಾರಾಂತ್ಯದಲ್ಲಿ, ಅಲ್ಲಿ ಹಳೆಯ ಕಾರುಗಳ ಉತ್ಸವ ನಡೆಯುತ್ತದೆ. ಆ ಉತ್ಸವವು ಯಾವುದನ್ನು ನೆನೆಯುತ್ತದೆ, ಯಾವುದನ್ನು ಮರಳಿ ತರಲಾರದೆ ಬಿಡುತ್ತದೆ ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ವಾಟ್‌ಕಿನ್ಸ್ ಗ್ಲೆನ್ ಸೆನೆಕಾ ಸರೋವರದ ದಕ್ಷಿಣದ ತುದಿಯಲ್ಲಿದೆ. ಜನಸಂಖ್ಯೆ ಎರಡು ಸಾವಿರಕ್ಕೂ ಕಡಿಮೆ. ಊರಿನ ಒಂದು ಕಡೆ ಸುಮಾರು 38 ಮೈಲಿ ಉದ್ದದ ಆಳವಾದ ಸರೋವರ. ಇನ್ನೊಂದು ಕಡೆ ಪದರುಗಲ್ಲನ್ನು ತೊರೆಯೊಂದು ಕೊರೆದು ಮಾಡಿದ ಇಕ್ಕಟ್ಟಾದ ಕಮರಿ. ಎರಡು ಮೈಲಿಗೂ ಕಡಿಮೆ ದೂರದಲ್ಲಿ 19 ಜಲಪಾತಗಳಿರುವ ಈ ಕಮರಿಯನ್ನು 1863ರಲ್ಲಿ ಪ್ರವಾಸಿಗಳಿಗೆ ತೆರೆಯಲಾಯಿತು. 1906ರಲ್ಲಿ ಅದು ನ್ಯೂಯಾರ್ಕ್ ರಾಜ್ಯದ ಸ್ವತ್ತಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿ ಉಪ್ಪಿನ ಉದ್ಯಮವೂ ನೆಲೆಗೊಂಡಿತು. ಉಪ್ಪು ಮತ್ತು ಪ್ರವಾಸಿಗಳು, ಇವೆರಡೇ ಈ ಊರಿನ ಜೀವನಕ್ಕೆ ಬಹುಕಾಲ ಆಧಾರವಾಗಿದ್ದುವು. ಬೇಸಗೆ ಕಳೆದೊಡನೆ ಪ್ರವಾಸಿಗಳು ಕಡಿಮೆಯಾಗುತ್ತಿದ್ದರು ಎಂಬ ಸಂಗತಿಯನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಂದಿನ ಕಥೆಗೆ ಅದು ಕಾರಣಗಳಲ್ಲೊಂದು.

ಈ ನೆಲದ ಚರಿತ್ರೆ ಕಾರುಗಳಿಂದಲಾಗಲಿ ಪ್ರವಾಸಿಗಳಿಂದಲಾಗಲಿ ಆರಂಭವಾಗುವುದಿಲ್ಲ. ಸರೋವರದ ಹೆಸರು ಇರಕ್ವಾ ಒಕ್ಕೂಟದ ಸೆನೆಕಾ ಜನರದು. ಸರೋವರದ ತುದಿಯಿಂದ ಮೂರು ಮೈಲಿಯಷ್ಟು ದಕ್ಷಿಣಕ್ಕೆ, ಈಗಿನ ಮಾಂಟೂರ್ ಫಾಲ್ಸ್ ಇರುವಲ್ಲಿ, ಕ್ಯಾಥರೀನ್ ಮಾಂಟೂರ್ ಎಂಬಾಕೆಯ ಹೆಸರಿನ ಹಳ್ಳಿಯಿತ್ತು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ, ಜಾರ್ಜ್ ವಾಷಿಂಗ್ಟನ್ನನ ಆಜ್ಞೆಯಂತೆ ದಂಡೆತ್ತಿ ಬಂದ ಸೇನಾಪತಿ ಜಾನ್ ಸಲಿವನ್ನನ ಪಡೆಯು 1779ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಇಲ್ಲಿಗೆ ತಲಪಿದಾಗ ಹಳ್ಳಿಯವರು ಆಗಲೇ ಊರನ್ನು ತೊರೆದಿದ್ದರು. ನಡೆಯಲಾರದ ಒಬ್ಬ ವೃದ್ಧೆ ಮಾತ್ರ ಹಿಂದೆ ಉಳಿದಿದ್ದಳೆಂದು ಆ ಪಡೆಯವರ ದಿನಚರಿಗಳು ಹೇಳುತ್ತವೆ. ಆಕೆಗೆ ಆಹಾರವನ್ನು ಬಿಟ್ಟು, ಹಳ್ಳಿಯನ್ನೂ ಪೈರನ್ನೂ ಸುಟ್ಟು ಸೈನ್ಯವು ಮುಂದೆ ಸಾಗಿತು. ಆ ದಂಡಯಾತ್ರೆಯಲ್ಲಿ ನಾಶವಾದ ಹಳ್ಳಿಗಳು ನಲವತ್ತಕ್ಕೂ ಹೆಚ್ಚು. ಹಳ್ಳಿ ಅಳಿಯಿತು, ಹೆಸರು ಮಾತ್ರ ಒಂದು ತೊರೆಗೂ ಒಂದು ಊರಿಗೂ ಅಂಟಿಕೊಂಡು ಉಳಿಯಿತು. ಈ ಪ್ರದೇಶದಲ್ಲಿ ನೆನಪು ಸ್ಮಾರಕಗಳಿಗಿಂತ ಹೆಚ್ಚಾಗಿ ಸ್ಥಳನಾಮಗಳಲ್ಲಿ ಬದುಕಿದೆಯೆಂಬುದಕ್ಕೆ ಇದು ಮೊದಲನೆಯ ಸಾಕ್ಷಿ. ಎರಡನೆಯ ಸಾಕ್ಷಿ ಮೋಟಾರು ಪಂದ್ಯದ್ದು.

ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದಲ್ಲಿ ಯೂರೋಪಿನ ಸಣ್ಣ ಕ್ರೀಡಾ ಕಾರುಗಳಲ್ಲಿ ಆಸಕ್ತಿ ಬೆಳೆಯಿತು. ಆಗ ಆ ದೇಶದಲ್ಲಿ ಪ್ರಸಿದ್ಧವಾಗಿದ್ದುದು ಅಂಡಾಕಾರದ ಪಥಗಳ ಮೇಲಿನ ಓಟ. ಏರಿಳಿತಗಳೂ ತಿರುವುಗಳೂ ಇರುವ ಸಾರ್ವಜನಿಕ ರಸ್ತೆಗಳ ಮೇಲೆ ಯೂರೋಪಿನ ಮಾದರಿಯ ಪಂದ್ಯವನ್ನು ನಡೆಸಬೇಕೆಂದು ಹಂಬಲಿಸಿದವನು ಕ್ಯಾಮರನ್ ಆರ್ಗೆಟ್‌ಸಿಂಗರ್. ಸಮೀಪದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರವನ್ನು ಓದುತ್ತಿದ್ದ ಈ ತರುಣನಿಗೆ ಸರೋವರದ ತೀರದ ದಾರಿಗಳೆಲ್ಲ ಪರಿಚಿತವಾಗಿದ್ದುವು. ಆತನ ಸೂಚನೆಯನ್ನು ಊರಿನ ವರ್ತಕರು ಮನಃಪೂರ್ವಕವಾಗಿ ಒಪ್ಪಿದರು. ಪಂದ್ಯದಿಂದ ಪ್ರವಾಸದ ಕಾಲ ಶರತ್ಕಾಲದವರೆಗೆ ಬೆಳೆದೀತೆಂಬುದು ಅವರ ಆಸೆಯಾಗಿತ್ತು. ಹೀಗೆ ಒಬ್ಬನ ಹವ್ಯಾಸವೂ ಒಂದು ಊರಿನ ಹೊಟ್ಟೆಪಾಡೂ ಒಂದೆಡೆ ಸೇರಿ, 1948ರ ಅಕ್ಟೋಬರ್ 2ರಂದು ಯುದ್ಧೋತ್ತರ ಅಮೆರಿಕದ ಮೊದಲನೆಯ ರಸ್ತೆ ಪಂದ್ಯ ನಡೆಯಿತು.

ಪಂದ್ಯದ ದಾರಿ 6.6 ಮೈಲಿ. ಅದು ಊರಿನ ಮುಖ್ಯ ಬೀದಿಯಾದ ಫ್ರ್ಯಾಂಕ್‌ಲಿನ್ ಬೀದಿಯಲ್ಲಿ, ಕೌಂಟಿಯ ನ್ಯಾಯಾಲಯದ ಮುಂದೆ ಆರಂಭವಾಗಿ, ಅಂಗಡಿಗಳ ಸಾಲನ್ನು ದಾಟಿ, ಬಲಕ್ಕೆ ತಿರುಗಿ ಗುಡ್ಡವನ್ನೇರಿ, ಕಾಡು ಹೊಲಗಳ ನಡುವೆ ಹಾದು, ಕಲ್ಲಿನ ಸೇತುವೆಯೊಂದನ್ನು ಕಳೆದು, ರೈಲು ಹಳಿಯನ್ನು ದಾಟಿ, ಕಡಿದಾದ ಇಳಿಜಾರಿನಲ್ಲಿ ಮತ್ತೆ ಊರಿಗೆ ಇಳಿಯುತ್ತಿತ್ತು. ರಸ್ತೆಯೆಲ್ಲವೂ ಒಂದೇ ತೆರನಾಗಿರಲಿಲ್ಲ. ಕೆಲವೆಡೆ ಕಾಂಕ್ರೀಟು, ಕೆಲವೆಡೆ ಡಾಂಬರು, ಕೆಲವೆಡೆ ಬರಿಯ ಜಲ್ಲಿ. ಪಂದ್ಯ ಮುಗಿಯುವವರೆಗೆ ರೈಲುಗಳನ್ನು ನಿಲ್ಲಿಸಲು ರೈಲ್ವೆಯವರೂ ಒಪ್ಪಿದರು. ಎಂಟು ಸುತ್ತುಗಳ, ಎಂದರೆ 52.8 ಮೈಲಿಗಳ, ಮುಖ್ಯ ಪಂದ್ಯವನ್ನು ಯುದ್ಧಪೂರ್ವದ ಆಲ್ಫಾ ರೋಮಿಯೊ ಕಾರಿನಲ್ಲಿ ಫ್ರ್ಯಾಂಕ್ ಗ್ರಿಸ್ವಲ್ಡ್ ಗೆದ್ದನು. ಬುಗಾಟಿಯನ್ನು ನಡೆಸಿದ ಆರ್ಗೆಟ್‌ಸಿಂಗರನಿಗೆ ಒಂಬತ್ತನೆಯ ಸ್ಥಾನ ದೊರೆಯಿತು. ಡೆನ್ವರ್ ಕಾರ್ನೆಟ್ ಎಂಬ ಸ್ಪರ್ಧಿಯ ಎಂ.ಜಿ. ಕಾರು ಕಲ್ಲಿನ ಸೇತುವೆಯ ಬಳಿ ತೊರೆಗೆ ಉರುಳಿತು. ಆತನಿಗೆ ಅಪಾಯವೇನೂ ಆಗಲಿಲ್ಲ. ಅಂದಿನಿಂದ ಆ ಸೇತುವೆಗೆ ಕಾರ್ನೆಟ್ಟನ ಹೆಸರೇ ನಿಂತಿತು.

ಮುಂದಿನ ವರ್ಷಗಳಲ್ಲಿ ಪ್ರೇಕ್ಷಕರ ಸಂಖ್ಯೆ ಹತ್ತಾರು ಸಾವಿರಗಳಿಗೆ ಏರಿತು. ಕಾರುಗಳ ಶಕ್ತಿಯೂ ಏರಿತು. ಬೀದಿಯ ಅಗಲ ಮಾತ್ರ ಇದ್ದಷ್ಟೇ ಇತ್ತು. 1950ರ ಪಂದ್ಯದಲ್ಲಿ ಫೆರಾರಿಯನ್ನು ನಡೆಸುತ್ತಿದ್ದ ಸ್ಯಾಮ್ ಕಾಲಿಯರ್ ಮಡಿದನು. ಆದರೂ ಪಂದ್ಯ ನಿಲ್ಲಲಿಲ್ಲ. ಅಪಾಯವನ್ನು ತಿಳಿದೇ ಓಟಗಾರನು ಕಾರನ್ನೇರುತ್ತಾನೆಂಬ ಭಾವನೆ ಆ ಕಾಲದ್ದಾಗಿತ್ತು. 1952ರ ಸೆಪ್ಟೆಂಬರ್ 20ರಂದು ನಡೆದುದು ಬೇರೆ ಬಗೆಯದು. ಫ್ರ್ಯಾಂಕ್‌ಲಿನ್ ಬೀದಿಯಲ್ಲಿ ವೇಗವಾಗಿ ಸಾಗುತ್ತಿದ್ದ ಕಾರೊಂದು ಬೀದಿಯ ಅಂಚಿನಲ್ಲಿ ಕಿಕ್ಕಿರಿದಿದ್ದ ಜನರಿಗೆ ತಗುಲಿತು. ಏಳು ವರ್ಷದ ಒಬ್ಬ ಬಾಲಕ ಸತ್ತನು. ಹನ್ನೆರಡು ಮಂದಿ ಗಾಯಗೊಂಡರು. ಪಂದ್ಯವನ್ನು ಅಲ್ಲಿಗೇ ನಿಲ್ಲಿಸಿದರು. ಊರಿನ ಬೀದಿಗಳಲ್ಲಿ ಅದೇ ಕೊನೆಯ ಪಂದ್ಯವಾಯಿತು.

ಈ ಗತಿ ವಾಟ್‌ಕಿನ್ಸ್ ಗ್ಲೆನ್ ಊರಿಗೆ ಮಾತ್ರ ಬಂದುದಲ್ಲ. ವಿಸ್ಕಾನ್ಸಿನ್ನಿನ ಎಲ್ಕ್‌ಹಾರ್ಟ್ ಲೇಕ್ ಊರಿನಲ್ಲಿ 1950ರಲ್ಲಿ ತೊಡಗಿದ ರಸ್ತೆ ಪಂದ್ಯ 1952ಕ್ಕೆ ನಿಂತು, 1955ರಲ್ಲಿ ಅಲ್ಲಿಯೂ ಪ್ರತ್ಯೇಕವಾದ ಪಥ ಸಿದ್ಧವಾಯಿತು. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ 1950ರಿಂದ ನಡೆಯುತ್ತಿದ್ದ ಪಂದ್ಯವು 1956ರಲ್ಲಿ ಓಟಗಾರನೊಬ್ಬನ ಮರಣದೊಡನೆ ಕೊನೆಗೊಂಡಿತು. ಒಟ್ಟಿನಲ್ಲಿ, ಜನ ವಾಸಿಸುವ ಬೀದಿಯೇ ಪಂದ್ಯದ ಅಂಗಳವಾಗಿದ್ದ ಯುಗವು ಅಮೆರಿಕದಲ್ಲಿ ಒಂದು ದಶಕವನ್ನೂ ಪೂರೈಸದೆ ಮುಗಿಯುತ್ತಾ ಬಂದಿತು.

ವಾಟ್‌ಕಿನ್ಸ್ ಗ್ಲೆನ್ ಪಂದ್ಯವನ್ನು ಬಿಡಲಿಲ್ಲ, ಬೀದಿಯನ್ನು ಬಿಟ್ಟಿತು. 1953ರಲ್ಲಿ ಗುಡ್ಡದ ಮೇಲಿನ ಹಳ್ಳಿರಸ್ತೆಗಳಲ್ಲಿ 4.6 ಮೈಲಿಯ ದಾರಿಯನ್ನು ಆರಿಸಲಾಯಿತು. 1956ರಲ್ಲಿ ಅದೇ ಪ್ರದೇಶದಲ್ಲಿ 2.3 ಮೈಲಿಯ ಶಾಶ್ವತ ಪಥ ನಿರ್ಮಾಣವಾಯಿತು. 1961ರಿಂದ 1980ರವರೆಗೆ ಫಾರ್ಮುಲಾ ಒಂದರ ಅಮೆರಿಕನ್ ಪಂದ್ಯಗಳು ಅಲ್ಲಿ ನಡೆದುವು. ಗುಡ್ಡವು ಮರಣವನ್ನು ನಿಲ್ಲಿಸಿತೆಂದು ಹೇಳಲಾಗದು. 1973ರಲ್ಲಿ ಫ್ರಾನ್ಸ್ವಾ ಸೆವೆರ್, 1974ರಲ್ಲಿ ಹೆಲ್ಮುಟ್ ಕೊಯಿನಿಗ್ ಅಲ್ಲಿಯೇ ಮಡಿದರು. ಆದರೆ ನೋಡುವವನಿಗೂ ಓಡುವವನಿಗೂ ನಡುವೆ ಒಂದು ಗಡಿ ಅಲ್ಲಿ ಏರ್ಪಟ್ಟಿತ್ತು. 1980ರ ಬಳಿಕ ಪಥವನ್ನು ನಡೆಸುತ್ತಿದ್ದ ಸಂಸ್ಥೆ ದಿವಾಳಿಯಾಯಿತು. 1984ರಲ್ಲಿ ಹೊಸ ಒಡೆತನದಲ್ಲಿ ಪಥ ಮತ್ತೆ ತೆರೆಯಿತು.

ಈಗ ನಡೆಯುವ ಉತ್ಸವ 1993ರಲ್ಲಿ ಆರಂಭವಾಯಿತು. ಶುಕ್ರವಾರದಂದು ಹಳೆಯ ಕಾರುಗಳು ಗುಡ್ಡದ ಪಥದಿಂದ ಊರಿಗೆ ಇಳಿದು ಬರುತ್ತವೆ. ಫ್ರ್ಯಾಂಕ್‌ಲಿನ್ ಬೀದಿಯ ಎರಡು ಬದಿಗಳಲ್ಲಿಯೂ ಜನ ನೆರೆಯುತ್ತಾರೆ. ಮಕ್ಕಳು ಕಾರುಗಳ ಹತ್ತಿರಕ್ಕೇ ಹೋಗಿ ನೋಡುತ್ತಾರೆ. ಅನಂತರ ಆ ಕಾರುಗಳು 1948ರ 6.6 ಮೈಲಿಯ ದಾರಿಯನ್ನೇ ಹಿಡಿದು ಸುತ್ತು ಬರುತ್ತವೆ. ಅದೇ ಮೂಲೆ, ಅದೇ ಏರು, ಕಾರ್ನೆಟ್ಟನ ಹೆಸರಿನ ಅದೇ ಸೇತುವೆ. ಆದರೆ ಅದು ಪಂದ್ಯವಲ್ಲ. ಗತಿ ಅಂಕೆಯಲ್ಲಿರುತ್ತದೆ, ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಹಳೆಯ ಕಾರುಗಳ ನಿಜವಾದ ಓಟವನ್ನು ಕಾಣಬೇಕೆನ್ನುವವರು ಉಳಿದ ದಿನಗಳಲ್ಲಿ ಗುಡ್ಡವನ್ನೇರಬೇಕು.

ಇಲ್ಲಿಗೆ ಹೋದವರು ಸಾಮಾನ್ಯವಾಗಿ ಎಂಜಿನುಗಳ ಸದ್ದನ್ನೂ ಬಣ್ಣವನ್ನೂ ಮೆಚ್ಚಿ ಹಿಂದಿರುಗುತ್ತಾರೆ. ಆ ಮೆಚ್ಚುಗೆ ತಪ್ಪಲ್ಲ. ಆದರೆ ಚರಿತ್ರೆಯ ವಿದ್ಯಾರ್ಥಿಯು ಇನ್ನೊಂದನ್ನು ಗಮನಿಸಬೇಕು. ಉತ್ಸವವು ದಾರಿಯನ್ನು, ಕಾರನ್ನು, ಜನರ ಗುಂಪನ್ನು ಮರಳಿ ತಂದಿದೆ. ವೇಗವೊಂದನ್ನು ಮಾತ್ರ ತಂದಿಲ್ಲ, ತರಬಾರದು ಕೂಡ. ಸೇತುವೆಯ ಹೆಸರು ಬದುಕಿ ಉಳಿದವನೊಬ್ಬನ ಆಪತ್ತನ್ನು ನಗುನಗುತ್ತ ನೆನೆಯುತ್ತದೆ. ಬಾಲಕನ ಮರಣದ ಗುರುತನ್ನು ಕಾಣಬೇಕಾದುದು ಹೆಸರುಗಳಲ್ಲಲ್ಲ; ಪಂದ್ಯ ಗುಡ್ಡಕ್ಕೆ ಏರಿತೆಂಬ ಸಂಗತಿಯಲ್ಲಿ, ಬೀದಿಯಲ್ಲಿ ಕಾರುಗಳು ಮೆಲ್ಲಗೆ ಸಾಗುತ್ತವೆಂಬ ಸಂಗತಿಯಲ್ಲಿ. ಸರೋವರದ ದಕ್ಷಿಣಕ್ಕಿದ್ದ ಹಳ್ಳಿ ಸುಟ್ಟುಹೋದ ಮೇಲೆಯೂ ತೊರೆಯ ಹೆಸರು ಹೇಗೆ ಅದನ್ನು ಹೇಳುತ್ತಿದೆಯೋ, ಹಾಗೆಯೇ ಈ ನಿಧಾನವು 1952ನ್ನು ಹೇಳುತ್ತದೆ. ಹೆಸರನ್ನು ಓದಬಲ್ಲವರು ಹಲವರು. ನಿಧಾನವನ್ನು ಓದಬಲ್ಲವರು ಕೆಲವರು.

ಆದುದರಿಂದ ಒಂದು ಉತ್ಸವವನ್ನು ಚರಿತ್ರೆಯ ಆಧಾರವಾಗಿ ಬಳಸುವಾಗ ಅದು ತೋರಿಸುವುದನ್ನು ಮಾತ್ರ ಎಣಿಸಿದರೆ ಸಾಲದು. ಮೂಲದಿಂದ ಅದು ಎಲ್ಲಿ, ಏಕೆ ಬೇರೆಯಾಯಿತೆಂಬುದನ್ನೂ ಕೇಳಬೇಕು. ನ್ಯಾಯಾಲಯದ ಮುಂದೆ ನಿಂತು ಹಳೆಯ ಕಾರು ಸಾಗುವುದನ್ನು ನೋಡುವ ಮಗು ಇಂದು ಸುಖವಾಗಿ ಮನೆಗೆ ಹೋಗುತ್ತದೆ. ಆ ಸುಖಕ್ಕೆ ಊರು ಒಮ್ಮೆ ತೆತ್ತ ಬೆಲೆಯನ್ನು ತಿಳಿದು ನೋಡಿದರೆ ಉತ್ಸವದ ಸಂತೋಷ ಕುಂದುವುದಿಲ್ಲ. ಅದಕ್ಕೆ ಸಲ್ಲಬೇಕಾದ ಗಾಂಭೀರ್ಯವೂ ಸಲ್ಲುತ್ತದೆ.