ವಿದ್ಯಾರ್ಥಿಯ ಬರಹದ ಕಟ್ಟು

ಬರೆಯಬಲ್ಲವನಾರು, ಬರೆಯಲಾರದವನಾರು ಎಂಬುದನ್ನು ನಿರ್ಣಯಿಸಲು ವಿದ್ಯಾಲಯಗಳು ಬಹುಕಾಲ ಒಂದೇ ಉಪಾಯವನ್ನು ನಂಬಿದ್ದುವು. ವಿದ್ಯಾರ್ಥಿಯನ್ನು ಕೊಠಡಿಯಲ್ಲಿ ಕುಳ್ಳಿರಿಸಿ, ವಿಷಯವೊಂದನ್ನು ಕೊಟ್ಟು, ಗಂಟೆ ಬಾರಿಸುವುದರೊಳಗಾಗಿ ಬರೆಯಿಸುವುದೇ ಆ ಉಪಾಯ. ಅಮೆರಿಕಾ ದೇಶದಲ್ಲಿ ಇದಕ್ಕೆ ಪ್ರತಿಷ್ಠೆಯನ್ನು ತಂದುದು ಹಾರ್ವರ್ಡ್ ವಿದ್ಯಾಲಯ. 1874ರಲ್ಲಿ ಅಲ್ಲಿ ಪ್ರವೇಶಪರೀಕ್ಷೆಗೆ ಕುಳಿತವರು ಗೊತ್ತುಪಡಿಸಿದ ಇಂಗ್ಲಿಷ್ ಗ್ರಂಥಗಳನ್ನಾಧರಿಸಿ ಕಿರಿಯ ಪ್ರಬಂಧವೊಂದನ್ನು ಬರೆಯಬೇಕಾಯಿತು. ತೇರ್ಗಡೆ ಹೊಂದದವರ ಸಂಖ್ಯೆ ಅಧ್ಯಾಪಕರನ್ನು ಬೆಚ್ಚಿಬೀಳಿಸಿತು. ಆಡಮ್ಸ್ ಷರ್ಮನ್ ಹಿಲ್ ಎಂಬ ಪ್ರಾಧ್ಯಾಪಕರ ಒತ್ತಾಯದಿಂದ 1885ರಲ್ಲಿ ಪ್ರಬಂಧರಚನೆಯ ಪಾಠವು ಮೊದಲನೆಯ ವರ್ಷಕ್ಕೇ ಬಂದಿತು.

1892ರಲ್ಲಿ ಆ ವಿದ್ಯಾಲಯದ ಸಮಿತಿಯೊಂದು ವರದಿಯನ್ನು ಪ್ರಕಟಿಸಿತು. ಅದರಲ್ಲಿ ವಿದ್ಯಾರ್ಥಿಗಳು ಬರೆದ ಹಾಳೆಗಳನ್ನೇ ಅಚ್ಚು ಹಾಕಿಸಿ, ಪ್ರೌಢಶಾಲೆಗಳ ಶಿಕ್ಷಣ ಎಷ್ಟು ಶಿಥಿಲವಾಗಿದೆಯೆಂದು ತೋರಿಸಲಾಗಿತ್ತು. ಬರಹಗಳನ್ನು ಒಂದೆಡೆ ಕೂಡಿಸಿದುದೇನೋ ನಿಜ. ಆದರೆ ಕೂಡಿಸಿದವನು ವಿದ್ಯಾರ್ಥಿಯಲ್ಲ, ಕೂಡಿಸಿದುದು ಅವನ ಹಿತಕ್ಕಾಗಿಯೂ ಅಲ್ಲ.

ಬರೆದವನೇ ತನ್ನ ಬರಹಗಳನ್ನು ಆಯ್ದು ತೀರ್ಪಿಗೊಪ್ಪಿಸುವ ಕ್ರಮವು ಕಾಲೇಜುಗಳಲ್ಲಿ ಬೇರೂರಲು ಮತ್ತೆ ಸುಮಾರು ನೂರು ವರ್ಷ ಬೇಕಾಯಿತು. ಅದಕ್ಕೆ ಇಟ್ಟ ಹೆಸರು ಪೋರ್ಟ್‌ಫೋಲಿಯೊ. ಹಾಳೆಗಳನ್ನು ಹೊರುವುದೆಂಬ ಅರ್ಥದ ಇಟಲಿಯ ಮಾತು ಅದರ ಮೂಲ; ಚಿತ್ರಕಾರರು ತಮ್ಮ ಚಿತ್ರಗಳನ್ನಿಟ್ಟುಕೊಂಡು ತಿರುಗುವ ಚೀಲಕ್ಕೂ ಅದೇ ಹೆಸರು. ಓಲೆಗರಿಯ ಕಟ್ಟುಗಳನ್ನು ಕಂಡ ಕನ್ನಡಿಗರಿಗೆ ಇದರ ಕಲ್ಪನೆ ಕಷ್ಟವಾಗದು.

ನ್ಯೂಯಾರ್ಕ್ ಸಂಸ್ಥಾನದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಎಲ್ಬೋ ಎಂಬವರೂ ಪ್ಯಾಟ್ ಬೆಲನಾಫ್ ಎಂಬಾಕೆಯೂ ಒಂದು ದಿನದ ಪರೀಕ್ಷೆಯನ್ನು ಬಿಟ್ಟು ಈ ಕಟ್ಟನ್ನು ಅದರ ಸ್ಥಾನದಲ್ಲಿರಿಸಿದರು. 1986ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ವಿದ್ಯಾರ್ಥಿಯು ಮೂರು ಬರಹಗಳನ್ನು ತಿದ್ದಿ ತೀಡಿ ಸಿದ್ಧಪಡಿಸಬೇಕು. ಒಂದು ಅನುಭವದ ಕಥನ ಅಥವಾ ವರ್ಣನೆ. ಇನ್ನೊಂದು ಯಾವುದಾದರೊಂದು ಅಭಿಪ್ರಾಯವನ್ನು ಪ್ರತಿಪಾದಿಸುವ ಪ್ರಬಂಧ. ಮತ್ತೊಂದು ಗದ್ಯಭಾಗವೊಂದರ ವಿಮರ್ಶೆ. ಪ್ರತಿಯೊಂದಕ್ಕೂ ಮುಂದೊಂದು ಚಿಕ್ಕ ಪೀಠಿಕೆಯನ್ನು ಬರೆದು, ತಾನು ಏನನ್ನು ಸಾಧಿಸಲು ಹವಣಿಸಿದೆನು, ಯಾರ ಸಲಹೆಯಿಂದ ಏನನ್ನು ಬದಲಿಸಿದೆನು ಎಂಬುದನ್ನು ತಿಳಿಸಬೇಕು. ನಾಲ್ಕನೆಯದು ಮಾತ್ರ ತರಗತಿಯಲ್ಲಿಯೇ, ಯಾರ ನೆರವೂ ಇಲ್ಲದೆ ಬರೆದುದು. ಮನೆಯಲ್ಲಿ ತಿದ್ದಿದ ಕೈ ಯಾರದೆಂಬ ಸಂಶಯಕ್ಕೆ ಅದು ಉತ್ತರ.

ಇವೆಲ್ಲಕ್ಕಿಂತ ದೊಡ್ಡ ಮಾರ್ಪಾಡು ಬೇರೊಂದು. ಕಟ್ಟನ್ನು ಓದಿ ತೇರ್ಗಡೆಯನ್ನು ನಿರ್ಣಯಿಸುವವರು ಆ ವಿದ್ಯಾರ್ಥಿಯ ಪರಿಚಯವಿಲ್ಲದ ಅನ್ಯ ಅಧ್ಯಾಪಕರು. ಆದಕಾರಣ ಸ್ವಂತ ಗುರುವು ನ್ಯಾಯಾಧೀಶನ ಪೀಠದಿಂದಿಳಿದು ಶಿಷ್ಯನ ಪಕ್ಕದಲ್ಲಿ ಕುಳಿತುಕೊಳ್ಳಬಹುದಾಯಿತು. ಕುಸ್ತಿಯ ಅಖಾಡದಲ್ಲಿ ಉಸ್ತಾದನು ನಿಲ್ಲುವ ಜಾಗ ಅದು. ತೀರ್ಪು ಅನ್ಯಾಯವೆಂದು ತೋರಿದರೆ ಇನ್ನೊಬ್ಬರಿಂದ ಓದಿಸಲು ಗುರುವಿಗೆ ಅವಕಾಶವಿದ್ದಿತು. ಅವಧಿಯ ನಡುವೆ ಒಂದು ಬರಹವನ್ನು ಮುಂಚಿತವಾಗಿ ಒಪ್ಪಿಸಿ ನೋಡುವ ಅಭ್ಯಾಸವೂ ಇದ್ದಿತು. ಅಲ್ಲಿ ಸೋತವನಿಗೆ ತಿದ್ದಿಕೊಳ್ಳಲು ಕಾಲ ಉಳಿದಿರುತ್ತಿತ್ತು.

ಇದರ ಬೆಲೆಯನ್ನು ತೆತ್ತವರು ಅಧ್ಯಾಪಕರು. ಒಂದು ಹಾಳೆಯನ್ನೋದುವಲ್ಲಿ ಹಲವನ್ನು ಓದಬೇಕು; ಮಾದರಿಗಳನ್ನು ಮುಂದಿಟ್ಟುಕೊಂಡು ಸಭೆ ಸೇರಿ, ಯಾವುದು ಸಾಕು, ಯಾವುದು ಸಾಲದು ಎಂದು ವಾದಿಸಬೇಕು. ಒಂದೇ ಬರಹವನ್ನು ಒಬ್ಬನು ಮೆಚ್ಚಿ ಮತ್ತೊಬ್ಬನು ತಳ್ಳಿಹಾಕುವುದು ಆ ಸಭೆಗಳಲ್ಲಿ ಬಯಲಾಯಿತು. ಒಂದು ದಿನದ ಪರೀಕ್ಷೆಯು ಈ ಭಿನ್ನಾಭಿಪ್ರಾಯವನ್ನು ಅಂಕಗಳ ಮರೆಯಲ್ಲಿ ಅಡಗಿಸಿಟ್ಟಿತ್ತಷ್ಟೆ.

1990ರಲ್ಲಿ ಒಹಾಯೊ ಸಂಸ್ಥಾನದ ಮಯಾಮಿ ವಿಶ್ವವಿದ್ಯಾಲಯವು ಪ್ರೌಢಶಾಲೆಯಿಂದ ಬರುವವರ ಕಟ್ಟುಗಳನ್ನೇ ಓದಿ, ಯೋಗ್ಯರಿಗೆ ಮೊದಲ ವರ್ಷದ ರಚನಾಪಾಠದ ಮಾನ್ಯತೆಯನ್ನು ನೀಡತೊಡಗಿತು. ಅಂತಹ ಕಟ್ಟಿನಲ್ಲಿ ಒಂದು ಪತ್ರವೂ ಇರಬೇಕಾಗಿದ್ದಿತು. ತನ್ನ ಬರವಣಿಗೆಯ ವಿಷಯವಾಗಿ ವಿದ್ಯಾರ್ಥಿಯು ತಾನೆಂದೂ ಕಾಣದ ವಾಚಕರಿಗೆ ಬರೆದ ಪತ್ರವದು.